ಬಿಳಿ ಚೆಂಡು ನಿಲ್ಲುವ ಜಾಗ

ಕೇರಂ ಆಡಿ ಬೆಳೆದವರಿಗೆ ಮುಂದಾಲೋಚನೆ ಕಡಿಮೆ ಎಂಬುದು ನನ್ನ ಖಚಿತ ಅಭಿಪ್ರಾಯ. ಧಾರವಾಡದ ನಮ್ಮ ಓಣಿಯ ಕಟ್ಟೆಯ ಮೇಲೆ ನಾನೂ ಬೇಕಾದಷ್ಟು ಆಡಿದವನೇ. ಅಲ್ಲಿ ಕಾಯಿ ಬಿದ್ದರೆ ಸಾಕು, ಸ್ಟ್ರೈಕರ್ ಎಲ್ಲಿಗೆ ಹೋಗಿ ಸತ್ತರೂ ಮತ್ತೆ ನಮ್ಮ ಕೈಗೇ ಬರುತ್ತದೆ. ಪೂಲ್ ಆಟದಲ್ಲಿ ಆ ಸುಖವಿಲ್ಲ. ಬಣ್ಣದ ಚೆಂಡನ್ನು ಪಾಕೆಟ್ಟಿಗೆ ಕೆಡವಿದ ಬಿಳಿ ಚೆಂಡು ಎಲ್ಲಿ ನಿಲ್ಲುತ್ತದೋ ಅಲ್ಲಿಂದಲೇ ಮುಂದಿನ ಸಂಸಾರ. ಈಗ ನಾವಿರುವ ಮರಾಠಿ ಸೀಮೆಯ ಕೊಂಢವಾದಲ್ಲಿ ನಮ್ಮ ಸೊಸೈಟಿಯ ಕ್ಲಬ್‌ಹೌಸಿಗೆ ಪೂಲ್ ಟೇಬಲ್ ಬಂದ ಮೇಲೆ ಈ ಸತ್ಯ ನನಗೆ ಹೊಳೆಯಿತು. ಹೊಳೆದದ್ದೇ ತಡ, ಮನುಷ್ಯರ ಜೊತೆ ಮಾತು ಕಡಿಮೆಯಾಯಿತು. ಕೊನೆಗೆ ಕರಿ ಚೆಂಡು ಬೀಳಬೇಕು, ಅದಕ್ಕೆ ಬಿಳಿಯದು ಎಲ್ಲಿರಬೇಕು, ಅಲ್ಲಿಗೆ ಬರಲು ಅದರ ಹಿಂದಿನ ಹೊಡೆತ ಹೇಗಿರಬೇಕು ಎಂದು ತುದಿಯಿಂದ ಬುಡಕ್ಕೆ ಲೆಕ್ಕ ಹಾಕುತ್ತ ಕೂಡುತ್ತಿದ್ದೆ. ಒಮ್ಮೆ ತಟ್ಟೆಯಲ್ಲಿ ಎಣ್ಣೆಗಾಯಿಯನ್ನು ಸರಿಸಿ ಸರಿಸಿ ಶೇಂಗಾ ಹಿಂಡಿಯ ಪಕ್ಕ ನಿಲ್ಲಿಸುತ್ತಿದ್ದಾಗ ಹೆಂಡತಿ ಸುನಂದಾ, “ಉಣ್ಣಲಿಕ್ಕತ್ತೀರೋ, ಆಡಲಿಕ್ಕತ್ತೀರೋ?” ಎಂದು ಕೇಳಿದ್ದುಂಟು.

ಸೊಸೈಟಿಯಲ್ಲಿ ಪ್ರತಿ ವರ್ಷ ಗಂಡ-ಹೆಂಡತಿ ಜೋಡಿಗಳ ಪಂದ್ಯ ನಡೆಯುತ್ತದೆ. ಒಂದು ಹೊಡೆತ ಗಂಡನದಾದರೆ ಮುಂದಿನದು ಹೆಂಡತಿಯದು. ಗೆದ್ದವರ ಮನೆಯಲ್ಲಿ ವರ್ಷವಿಡೀ ಕಪ್. ಅದು ಮೊದಲಿನಿಂದಲೂ ಕೆಳಗಿನ ಮಹಡಿಯ ಪಾಟಣಕರರ ಮನೆಯಲ್ಲೇ ಠಿಕಾಣಿ ಹೂಡಿದೆ. ಅರಿಶಿನ ಕುಂಕುಮಕ್ಕೆ ಹೋದವರು ಅದಕ್ಕೆ ಕೈಮುಗಿದೇ ಒಳಗೆ ಬರಬೇಕು ಎಂಬಂತೆ ಬಾಗಿಲಿಗೆ ಎದುರಾಗಿಯೇ ಇಟ್ಟಿದ್ದಾರೆ. ಕೈಮುಗಿದು ಮುಗಿದು ಸುನಂದಾಳಿಗೆ ಸಾಕಾಗಿತ್ತು. “ಈ ಸಲಾ ಅದು ನಮ್ಮ ಮನೀಗೆ ಬರಬೇಕು ನೋಡ್ರಿ” ಎಂದವಳೇ, ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ, ಶೋಕೇಸಿನಲ್ಲಿ ಜಾಗವನ್ನೂ ಖಾಲಿ ಮಾಡಿಬಿಟ್ಟಳು.

ನಾವು ಫೈನಲ್ಲಿಗೆ ಬಂದೆವು. ಎದುರಿಗೆ ಪಾಟಣಕರ ದಂಪತಿ. ಆ ಮನುಷ್ಯ ಪ್ರತಿ ಹೊಡೆತಕ್ಕೂ ಮುಂಚೆ ಹೆಂಡತಿಯ ಕಡೆ ತಿರುಗಿ, “ತುಲಾ ಇಥೂನ್ ಜಮೇಲ್ ಕಾ?” ಎಂದು ಕೇಳುತ್ತಿದ್ದ. ನಿನಗೆ ಇಲ್ಲಿಂದ ಆಗುತ್ತದೆಯೇ ಎಂದು. ಆಟದಲ್ಲೂ ಹೆಂಡತಿಯ ಅಪ್ಪಣೆ ಬೇಕೇ ಪಾಪ, ಎಂದು ನಾನು ಒಳಗೊಳಗೇ ನಕ್ಕೆ. ನನಗೆ ಯಾರನ್ನೂ ಕೇಳುವ ಗರಜು ಇರಲಿಲ್ಲ, ಎಲ್ಲ ಲೆಕ್ಕ ತಲೆಯಲ್ಲೇ ಇತ್ತು. ನಮ್ಮ ಕೊನೆಯ ಬಣ್ಣದ ಚೆಂಡನ್ನು ನಾನು ಕೆಡವಿದೆ. ಬಿಳಿ ಚೆಂಡು ತಿರುಗಿ ಬಂದು, ನಾನು ಮನಸ್ಸಿನಲ್ಲಿ ಗುರುತು ಹಾಕಿದ್ದ ಜಾಗದಲ್ಲೇ, ಟೇಬಲ್ಲಿನ ಎಡ ಅಂಚಿನ ಹತ್ತಿರ, ಹೇಳಿದ ಮಾತು ಕೇಳುವ ಮಗುವಿನಂತೆ ನಿಂತಿತು. ಎದುರು ಮೂಲೆಯಲ್ಲಿ ಕರಿ ಚೆಂಡು ಕಾದಿತ್ತು. ಜನ ಚಪ್ಪಾಳೆ ತಟ್ಟಿದರು. ನಾನು ಕೋಲಿಗೆ ಸೀಮೆಸುಣ್ಣ ಹಚ್ಚುತ್ತ, ಆಗಲೇ ಗೆದ್ದವನ ಮುಖ ಮಾಡಿದೆ.

ಇಳಕಲ್ ಸೀರೆಯ ಸೆರಗು ಸಿಕ್ಕಿಸಿಕೊಂಡು ಬಂದ ಸುನಂದಾ ಚೆಂಡನ್ನು ನೋಡಿದಳು. ಆ ಕಡೆ ಹೋದಳು, ಈ ಕಡೆ ಬಂದಳು. ಬಲಗೈಯವನು ಆ ಅಂಚಿಗೆ ಆತು ನಿಂತು ಹೊಡೆಯುವುದು ನೀರು ಕುಡಿದಷ್ಟು ಸುಲಭ. ಎಡಗೈಯವರು ಹೊಡೆಯಬೇಕೆಂದರೆ ಟೇಬಲ್ಲಿನ ಮೇಲೆ ಅಂಗಾತವೋ ಬೋರಲೋ ಮಲಗಬೇಕು. ಸುನಂದಾ ಎಡಚಿ. ಮದುವೆಯಾದಾಗಿನಿಂದ ಅವಳು ಎಡಗೈಯಲ್ಲಿ ಬಡಿದ ರೊಟ್ಟಿ ತಿಂದೇ ಉಬ್ಬಿದ ನನಗೆ ಆ ಕ್ಷಣದವರೆಗೂ ಅದು ನೆನಪಾಗಿರಲಿಲ್ಲ.

ಅವಳು ಕೋಲನ್ನು ಬಲಗೈಗೆ ಬದಲಾಯಿಸಿ ಹೊಡೆದಳು. ಕರಿ ಚೆಂಡು ಪಾಕೆಟ್ಟಿನ ಬಾಯಿಗೆ ತಾಗಿ ಹೊರಗೇ ಉಳಿಯಿತು. ಪಾಟಣಕರ ದಂಪತಿ ಸಾವಕಾಶ ಕೇಳಿಕೊಂಡು, ಹೇಳಿಕೊಂಡು ಆಟ ಮುಗಿಸಿದರು. ನನ್ನ ಬೆನ್ನು ತಟ್ಟಿದವರಿಗೇನೂ ಕಮ್ಮಿಯಿರಲಿಲ್ಲ, “ಬಾಲ್ ಮಸ್ತ್ ಥಾಂಬವಲಾ, ಸಾಹೇಬ” ಎಂದರು. ಚೆಂಡನ್ನು ಭರ್ಜರಿಯಾಗಿ ನಿಲ್ಲಿಸಿದಿರಿ ಎಂದು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಒಳಗೆ ಖುಷಿಯೇ ಆಯಿತು.

ಲಿಫ್ಟಿನಲ್ಲಿ ನಾವಿಬ್ಬರೇ. ಸುನಂದಾ ಸಿಕ್ಕಿಸಿದ್ದ ಸೆರಗು ಬಿಡಿಸಿಕೊಳ್ಳುತ್ತ ಮೆಲ್ಲಗೆ ಹೇಳಿದಳು: “ನಿಮ್ಮ ಲೆಕ್ಕ ಭಾಳ ಬರೋಬ್ಬರಿ ಇತ್ತರಿ. ಅದರಾಗ ನಾ ಒಬ್ಬಾಕಿ ಇರಲಿಲ್ಲ, ಅಷ್ಟ.”

ಎದೆಗೆ ಚುಚ್ಚಿತು. ತಕ್ಕ ಒಂದು ಮಾತು ಹೇಳಲೇಬೇಕಿತ್ತು. ಎಲ್ಲಿಂದ ಶುರುಮಾಡಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನಮ್ಮ ಮಹಡಿ ಬರುವವರೆಗೂ ಬಹಳ ಯೋಚಿಸಿದೆ. ಬಾಗಿಲು ತೆರೆಯಿತು.

“ಇವತ್ತ ಊಟಕ್ಕ ಏನ ಮಾಡ್ತಿ?” ಎಂದು ಕೇಳಿದೆ.