ಪೈಪು ಮೊದಲೋ, ಮನೆ ಮೊದಲೋ

ಹೊಸ ಬಡಾವಣೆಗಳಿಗೆ ನೀರು, ಒಳಚರಂಡಿ ಮಾಡಿಸಲು ಸರ್ಕಾರ ಅನುದಾನ ಕೊಡುತ್ತದೆ. ಆ ಪೈಪು ನೆಲಕ್ಕಿಳಿಯುವಷ್ಟರಲ್ಲಿ ನನ್ನ ತಲೆ ಎಷ್ಟು ಕೆಟ್ಟಿರುತ್ತದೆ ಅನ್ನುವುದಕ್ಕೆ ಮಾತ್ರ ಯಾವ ಅನುದಾನವೂ ಇಲ್ಲ. ನಾನು ರಾಮನಗರ ಸೀಮೆಯಲ್ಲಿ ಜೂನಿಯರ್ ಎಂಜಿನಿಯರು. ವರ್ಗವಾಗಿ ಯಾವ ತಾಲ್ಲೂಕಿಗೆ ಹೋದರೂ ಇಂಥ ಪ್ರಸಂಗಗಳು ನನಗಿಂತ ಮುಂಚೆ ಹೋಗಿ ಅಲ್ಲಿ ಕುಕ್ಕರಿಸಿರುತ್ತವೆ.

ಕೆರೆ ಪಕ್ಕದ ಸೈಟು

ಕನಕಪುರದ ಹತ್ತಿರ ಒಂದು ಊರಲ್ಲಿ ಸಭೆ ಕರೆದಿದ್ದೆ. ನೀರಿನ ಟ್ಯಾಂಕು ಕಟ್ಟುತ್ತೇವೆ ಅಂದಾಗ, "ನಮ್ಮನೆ ಪಕ್ಕದಲ್ಲೇ ಕಟ್ಟಿ" ಎಂದು ಎಲ್ಲರೂ ಎದ್ದು ನಿಂತರು. ಕೊಳಚೆ ನೀರು ಶುದ್ಧ ಮಾಡುವ ಘಟಕವೂ ಇದೆ ಅಂದೆ. ಎಲ್ಲರೂ ಕೂತರು. ಹಿಂದಿನಿಂದ ಒಬ್ಬರು, "ಅದನ್ನ ಪಕ್ಕದೂರಿಗೆ ಹಾಕ್ಬುಡಿ ಮೇಡಮ್ಮೋರೆ, ಅಲ್ಲಿ ಜಾಗ ಬೇಕಾದಂಗೈತೆ" ಅಂದರು. ಪಕ್ಕದೂರಿನವರೂ ಇವರ ಬಗ್ಗೆ ಅದನ್ನೇ ಹೇಳಿದ್ದರು.

ಕೊನೆಗೆ ಎರಡೂ ಊರಿನ ನಡುವೆ ಘಟಕ ಕಟ್ಟಿ, ಅದರ ದೊಡ್ಡ ಹೊಂಡಕ್ಕೆ ನೀರು ಬಿಟ್ಟೆವು. ಸೈಟು ಮಾರುವವನೊಬ್ಬ ಅದರ ಪಕ್ಕದಲ್ಲೇ 'ಲೇಕ್ ವ್ಯೂ' ಅಂತ ಬೋರ್ಡು ನೆಟ್ಟ. ಸೈಟು ಕೊಂಡವರೊಬ್ಬರು ನನಗೇ ಫೋನು ಮಾಡಿದರು. "ಮೇಡಂ, ಆ ಕೆರೆ ನಿಮ್ಮ ಇಲಾಖೆಯದಂತೆ. ಬೋಟಿಂಗ್ ಯಾವಾಗಿಂದ?"

"ಸ್ವಾಮಿ, ಅದು ಕೆರೆಯಲ್ಲ. ಇಡೀ ಊರಿನ ಕೊಳಚೆ ನೀರು."

ಅತ್ತ ಕಡೆಯಿಂದ ಸಮಾಧಾನದ ದನಿ: "ಹಾಗಾದ್ರೆ ಬೇಸಿಗೇಲೂ ಬತ್ತೋದಿಲ್ಲ ಅನ್ನಿ!"

ಚಾಚಾ ಹಿಡಿದ ವಾಸನೆ

ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಹಿರಿಯರೊಬ್ಬರು ಬಾಡಿಗೆಗೆಂದು ಮಹಡಿ ಕಟ್ಟಿಸಿದ್ದರು. ಮನೆ ನೋಡಲು ಬಂದವರೆಲ್ಲ ಮೂಗು ಮುಚ್ಚಿಕೊಂಡು ವಾಪಸು ಹೋಗುತ್ತಿದ್ದರಂತೆ. "ನಿಮ್ಮ ಹೊಸ ಮ್ಯಾನ್‌ಹೋಲಿಂದೇ ಬೇಟಿ ಇದೆಲ್ಲಾ" ಎಂದು ವಾರವಿಡೀ ನನ್ನ ಬೆನ್ನು ಹತ್ತಿದರು. ಹೋಗಿ ಮುಚ್ಚಳ ಎತ್ತಿಸಿದೆ. ಒಳಗೆ ಒಣ ಸಿಮೆಂಟು. ಆ ಲೈನಿಗೆ ಇನ್ನೂ ಒಂದು ಮನೆಯ ಸಂಪರ್ಕವೂ ಕೊಟ್ಟಿರಲಿಲ್ಲ.

ತಲೆಯೆತ್ತಿ ನೋಡಿದರೆ ಅವರದೇ ತಾರಸಿಯ ಮೇಲೆ ನೂಲು ತೆಗೆದು ಉಳಿದ ಬೆಂದ ರೇಷ್ಮೆಹುಳು, ಮಾರಾಟಕ್ಕೆಂದು ಒಣಗಲು ಹರಡಿವೆ.

"ಚಾಚಾ, ವಾಸನೆ ಬರ್ತಿರೋದು ಅಲ್ಲಿಂದ."

ಅವರಿಗೆ ನಿಜಕ್ಕೂ ನೋವಾಯಿತು. "ಅದು ವಾಸನೆ ಅಲ್ಲ ಬೇಟಿ. ಅದು ಕಾರೋಬಾರು!"

ಗಾಳಿ ಮೀಟರು

ಚನ್ನಪಟ್ಟಣದಲ್ಲಿ ಹೊಸ ನಲ್ಲಿಗೆ ಮೀಟರು ಕೂರಿಸಿದ್ದೆವು. ಒಂದು ಅಜ್ಜಿ ನನ್ನ ಕೈ ಹಿಡಿದು ಎಳೆದುಕೊಂಡೇ ಹೋಯಿತು. "ನೋಡವ್ವಾ, ನೀರೇ ಬಂದಿಲ್ಲ, ಮೀಟ್ರು ಗಿರಗಿರ ಅಂತೈತೆ."

"ಖಾಲಿ ಪೈಪಲ್ಲಿ ನೀರಿಗಿಂತ ಮುಂಚೆ ಗಾಳಿ ನುಗ್ಗುತ್ತೆ ಅಜ್ಜಿ, ಅದಕ್ಕೆ ತಿರುಗುತ್ತೆ" ಎಂದು ಕೈ ಆಡಿಸಿ ವಿವರಿಸಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು ಹೇಳಿತು: "ಹಂಗಾರೆ ಗಾಳಿಗೆ ಬ್ಯಾರೆ ಮೇಡಮ್ಮೋರು ಇದ್ರೆ ಕಳ್ಸವ್ವ. ನಿನ್ ಕೈಲಿ ಆಗಾಕಿಲ್ಲ."

ಒಂದು ದಿನದ ಸಂಸಾರ

ಮಾಗಡಿಯಿಂದ ಕಲ್ಯಕ್ಕೆ ಹೋಗುವ ದಾರಿಯಲ್ಲಿ ಒಂದು ಬಡಾವಣೆ. ಮನೆಗಳೆಲ್ಲ ಅರ್ಧಂಬರ್ಧ. ಜನ ವಾಸವಿದ್ದರೆ ಮಾತ್ರ ಪೈಪಿಗೆ ಅನುದಾನ ಅನ್ನುತ್ತದೆ ನಿಯಮ. "ನೀರಿಲ್ದೆ ಹೆಂಗ್ ಬಂದಿರಾದು, ಒಸಿ ನೀವೇ ಹೇಳಿ" ಅನ್ನುತ್ತಿದ್ದರು ಅಲ್ಲಿನ ಮುಖಂಡರು, ಒಬ್ಬ ನಿವೃತ್ತ ಬಸ್ ಕಂಡಕ್ಟರು. ಈ ಎರಡರ ನಡುವೆ ಓಡಾಡಿ ನಾನು ಸವೆದುಹೋಗಿದ್ದೆ.

ಅಂತೂ ಬೆಂಗಳೂರಿಂದ ದೊಡ್ಡ ಅಧಿಕಾರಿ ನೋಡಲು ಬರುವುದಾಯಿತು. "ಅವತ್ತು ಜನ ಕಾಣಬೇಕು" ಎಂದು ಕಂಡಕ್ಟರಿಗೆ ಹೇಳಿದ್ದೆ. ನಾಲ್ಕು ಜನ ಬಂದು ಕಷ್ಟ ಹೇಳಿಕೊಳ್ಳಲಿ ಅನ್ನುವುದಷ್ಟೇ ನನ್ನ ಉದ್ದೇಶ.

ಅಧಿಕಾರಿಯ ಜೊತೆ ಹೋಗಿ ನೋಡಿದರೆ ಬಡಾವಣೆ ತುಂಬ ಸಂಸಾರ. ಬಾಗಿಲಿಲ್ಲದ ಮನೆಗಳಿಗೆ ಸೀರೆಯ ಪರದೆ. ಹಗ್ಗದ ಮೇಲೆ ಇಸ್ತ್ರಿ ಮಾಡಿದ ಬಟ್ಟೆಗಳು ಒಣಗುತ್ತಿವೆ. ಗಾರೆ ಕಾಣದ ಜಗಲಿಯಲ್ಲಿ ಕಂಡಕ್ಟರು ಬನಿಯನ್ ತೊಟ್ಟು ಪೇಪರ್ ಓದುತ್ತಿದ್ದಾರೆ, ಹುಟ್ಟಿದಾಗಿನಿಂದ ಅಲ್ಲೇ ಇರುವವರ ಹಾಗೆ. ಯಾರದೋ ಎಮ್ಮೆ ಬೇರೆ!

"ಪರವಾಗಿಲ್ಲ, ಬಡಾವಣೆ ಚೆನ್ನಾಗೇ ಬೆಳೆದಿದೆ" ಎಂದರು ಅಧಿಕಾರಿ. ಬಿಸಿಲು ಸುಡುತ್ತಿತ್ತು. ಅವರು ಜಗಲಿಯ ಕುರ್ಚಿಯಲ್ಲಿ ಕೂತು, ಕಂಡಕ್ಟರ ಹೆಂಡತಿಯ ಕಡೆ ತಿರುಗಿದರು. "ಅಮ್ಮಾ, ಕುಡಿಯೋಕೆ ಒಂದು ಲೋಟ ನೀರು ಕೊಡಿ."

ಮಂಚ, ಒಲೆ, ಎಮ್ಮೆ ಎಲ್ಲ ಹೊತ್ತು ತಂದಿದ್ದರು. ನೀರು ತಂದಿರಲಿಲ್ಲ. ಕಂಡಕ್ಟರು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ.

ಆ ಬಡಾವಣೆಗೆ ಈಗ ಮನೆಮನೆಗೆ ನೀರು ಬರುತ್ತಿದೆ. ನನ್ನ ವರದಿಗಳಿಗೆಲ್ಲ ಅಲುಗದಿದ್ದ ಅನುದಾನ, ಅವತ್ತು ಕಂಡಕ್ಟರ ಹೆಂಡತಿ ಸೆರಗು ಸರಿಮಾಡಿಕೊಂಡು, ಕೈಮುಗಿದು ಆಡಿದ ಒಂದು ಮಾತಿಗೆ ಬಂತು:

"ಅದಕ್ಕೇ ಅಲ್ವಾ ಸ್ವಾಮಿ, ನಿಮ್ಮನ್ನ ಕರ್ಸಿರಾದು!"