ಲೇಸಿನ ತೂತುಗಳೂ ನನ್ನ ಮದುವೆಯೂ

ಕೈಕೆಲಸ ಬಲ್ಲವರಿಗೆ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ನನಗೆ ಮಾತ್ರ ಎಲ್ಲವೂ ಮದುವೆಯ ವಿಷಯದಲ್ಲೇ ಆದವು. ಮೈಸೂರಿನ ಚಿಕ್ಕಮ್ಮನ ಮನೆಯಲ್ಲಿದ್ದು ಕ್ರೋಶಾ ಕಡ್ಡಿಯಲ್ಲಿ ಲೇಸು ಹಾಕುವುದನ್ನು ಕಲಿತು ಹುಣಸೂರಿಗೆ ಮರಳಿದಾಗ ನನಗೆ ಇಪ್ಪತ್ತೆರಡು. ಊರವರ ಲೆಕ್ಕದಲ್ಲಿ ಆಗಲೇ ಮುದುಕಿ. ಮದುವೆಯಾಗುವ ಆಸೆ ನನಗಿತ್ತು, ಸುಳ್ಳೇಕೆ ಹೇಳಲಿ. ಗಂಡು ಇರುವ ಮನೆಗಳಿಗೆ ನನ್ನ ಲೇಸು ಕಳಿಸಿದರೆ ಯಾರಾದರೂ ಒಪ್ಪಿಯಾರು ಎಂದು ಅಪ್ಪನ ಎಣಿಕೆ.

ಗ್ರಾಮಫೋನಿನ ಹೊದಿಕೆ

ಮೊದಲನೆಯದು ಪಿರಿಯಾಪಟ್ಟಣದ ಕಡೆಯ ಪಟೇಲರ ಮನೆ. ಅವರ ಗ್ರಾಮಫೋನಿಗೆ ಚೌಕ ಚೌಕ ಕಿಟಕಿ ಬಿಟ್ಟು ಹೊದಿಕೆ ಹಾಕಿದೆ. ಪಟೇಲರು ಅಪ್ಪನಿಗೆ, "ಧೂಳು ಕೂರದಂಗೆ ಹೊದಿಕೆ ಕೇಳುದ್ರೆ, ನಿಮ್ಮುಡುಗಿ ಬರೀ ತೂತೇ ಹಾಕವ್ಳಲ್ರೀ" ಅಂದರು.

ಅವರ ಹೆಂಡತಿ ಒಳ್ಳೆಯವರು. ಲೇಸಿಗೆ ಧೂಳು ಹಿಡಿಯದಿರಲೆಂದು ಅದರ ಮೇಲೊಂದು ಹಳೇ ಪಂಚೆ ಹೊದಿಸಿದರು. ಮಗನ ಕಣ್ಣಿಗೆ ಬಿದ್ದದ್ದು ಪಂಚೆ ಮಾತ್ರ.

ಉಬ್ಬು ಹೆಣಿಗೆ

ಐದು ಎಳೆಯನ್ನು ಲೇಸಿನ ಒಂದೇ ತೂತಿಗೆ ಹಾಕಿ ಒಟ್ಟಿಗೆ ಎಳೆದರೆ ದ್ರಾಕ್ಷಿಯಷ್ಟು ಉಬ್ಬು ಏಳುತ್ತದೆ. ಅಂಥ ಉಬ್ಬುಗಳನ್ನೇ ತುಂಬಿ ಹೆಗ್ಗಡದೇವನಕೋಟೆಯ ವರನ ಮನೆಗೆ ದಿಂಬಿನ ಚೀಲ ಕಳಿಸಿದೆ. ವರನ ಅಜ್ಜಿಗೆ ನನ್ನ ಮೇಲೆ ಕನಿಕರ ಬಂತು. ಪಾಪ, ದಾರವೆಲ್ಲ ಗಂಟಾಗಿದೆ ಎಂದು ಅದನ್ನು ಒದ್ದೆ ಮಾಡಿ, ಗುಂಡುಕಲ್ಲಿನ ಕೆಳಗೆ ಮೂರು ದಿನ ಇಟ್ಟು ಚಪ್ಪಟೆ ಮಾಡಿದರಂತೆ. ದಾರ ಬಿಡಿಸಲು ಬಾರದ ಹುಡುಗಿ ಎಂದು ಆ ಸಂಬಂಧವೂ ತಪ್ಪಿತು.

ನನ್ನನ್ನು ಸೋಲಿಸಿದವಳು

ಹೆಣ್ಣು ನೋಡಲು ಬಂದವರು ಆಗ ಹುಡುಗಿಯ ಕೈಕೆಲಸವನ್ನೂ ನೋಡುತ್ತಿದ್ದರು. ಕೃಷ್ಣರಾಜನಗರದ ನನ್ನ ಗೆಳತಿಗೆ ಕಡ್ಡಿ ಹಿಡಿಯಲೂ ಬಾರದು. ಅಳುತ್ತಾ ಬಂದಳೆಂದು, ತನ್ನದೆಂದು ತೋರಿಸಲು ಲೇಸಿನದೊಂದು ಮೇಜಿನ ಬಟ್ಟೆ ಹಾಕಿಕೊಟ್ಟೆ. ಯಾರಿಗೂ ಹೇಳುವುದಿಲ್ಲವೆಂದು ಮಾತೂ ಕೊಟ್ಟೆ.

ಅವಳನ್ನು ನೋಡಿದವರೇ ಮರುವಾರ ನಮ್ಮ ಮನೆಗೂ ಬಂದರು. ಹುಡುಗ ನನಗೆ ಹಿಡಿಸಿದ್ದ. ಅವನ ತಾಯಿ ನನ್ನ ಲೇಸನ್ನು ಬೆಳಕಿಗೆ ಹಿಡಿದು ನೋಡಿದರು. "ಚೆಂದಾಗದೆ ಕಣವ್ವ. ಆದ್ರೆ ಕೃಷ್ಣರಾಜನಗರದುಡುಗಿ ಹಾಕಿರೋದು ನೋಡ್ಬುಟ್ಟು ಬಂದಿದ್ದೀವಲ್ಲ, ಇದ್ರಲ್ಲಿ ಅಷ್ಟು ನಯ ಇಲ್ಲ."

ಮಾತು ಕೊಟ್ಟಿದ್ದೆ, ಬಾಯಿ ಬಿಡುವಂತಿರಲಿಲ್ಲ. ಹುಡುಗ ಅವಳ ಪಾಲಾದ. ನನಗೆ ಹೊಟ್ಟೆ ಉರಿಯಿತು, ಈಗಲೂ ಉರಿಯುತ್ತದೆ.

ಮದುವೆಯಾಗಿ ಮೂರು ತಿಂಗಳಿಗೆ ಗೆಳತಿ ಮತ್ತೆ ಬಂದಳು. ಅತ್ತೆ ಇನ್ನೊಂದು ಹಾಕು ಎಂದು ಪ್ರಾಣ ತಿನ್ನುತ್ತಿದ್ದಾರೆ ಎಂದು ಗೋಳಾಡಿದಳು. "ಈ ಸಲ ಕೆಟ್ಟದಾಗಿ ಹಾಕ್ಕೊಡು ಕಣೇ. ಇನ್ಯಾವತ್ತೂ ಅವ್ರು ಕೇಳ್ಬಾರ್ದು, ಅಂಗೆ."

ಒಪ್ಪಿಕೊಂಡು ಹದಿನೈದು ದಿನ ಕೂತು ಹಾಕಿದೆ. ಅಷ್ಟು ಚೆಂದದ ಲೇಸನ್ನು ನಾನು ಅದಕ್ಕೆ ಮೊದಲು ಹಾಕಿರಲಿಲ್ಲ, ಆಮೇಲೂ ಹಾಕಲಿಲ್ಲ. ನಿಮ್ಮ ಸೊಸೆ ಹಾಕಿ ನಮ್ಮ ಮನೆಯಲ್ಲಿ ಮರೆತು ಹೋದದ್ದು ಎಂದು ಹೇಳಿಸಿ, ಅದನ್ನು ಅವಳ ಅತ್ತೆಯ ಕೈಗೇ ಕಳಿಸಿದೆ.