ಗೈಸ್ಲಿಂಗೆನ್ ಏರಿಗೆ ಚನ್ನಂಗಿ ಜಲ್ಲಿ

"ಈ ಭಾನುವಾರ ಕಾಫಿ ಹೊತ್ತಿಗೆ ನನ್ನ ರೈಲು ಗೈಸ್ಲಿಂಗೆನ್ ಏರನ್ನು ಹತ್ತಿಯೇ ಹತ್ತುತ್ತೆ!" ಎಂದು ಊಟದ ಮೇಜು ಗುದ್ದಿ ಘೋಷಿಸಿದೆ. ಬಟ್ಟಲಿನ ಸೂಪು ಬೆಚ್ಚಿ ಹೊರಚೆಲ್ಲಿತು. ನನ್ನ ಹೆಂಡತಿ ಗುಡ್ರುನ್ ಬೆಚ್ಚಲಿಲ್ಲ.

"ಹತ್ತದಿದ್ರೆ?"

"ಅಟ್ಟದ ಕೋಣೆ ನಿನ್ನ ಹೊಲಿಗೆ ಮಿಷನ್ನಿಗೆ!"

"ಸರಿ. ಅವತ್ತು ಕಾಫಿಗೆ ಬರೋ ನನ್ನ ಅಮ್ಮನ ಎದುರಿಗೇ ತೀರ್ಮಾನ ಆಗ್ಲಿ."

ನನ್ನ ಆಟಿಕೆ ರೈಲುಗಳು ಓಡುವ ಆ ಕೋಣೆ ನನ್ನ ಸಾಮ್ರಾಜ್ಯ! ಅಲ್ಲಿ ರೈಲ್ವೆ ಮಂತ್ರಿ, ಇಂಜಿನಿಯರ್, ಗಾರ್ಡು ಎಲ್ಲ ನಾನೇ. ನಾನು ಹಳಿ ಹಾಕುವುದು, ಅವಳು ನನ್ನನ್ನು ಹಳಿಯುವುದು, ಎರಡೂ ಮದುವೆಯಾದಾಗಿನಿಂದ ನಡೆದುಬಂದಿವೆ.

ಗೈಸ್ಲಿಂಗೆನ್ ಏರೆಂದರೆ ನಮ್ಮ ಕಡೆ ನಿಜವಾದ ರೈಲುಗಳೇ ಏದುಸಿರುಬಿಟ್ಟು ಹತ್ತುವ ಕಡಿದಾದ ಬೆಟ್ಟದ ಹಾದಿ; ಅದರ ಪುಟ್ಟ ಮಾದರಿ ಕಟ್ಟಲು ಕೆಲಸಕ್ಕಿಳಿದೆ. ಮರದ ತುಂಡುಗಳನ್ನು ಒಂದಕ್ಕಿಂತ ಒಂದು ಎತ್ತರವಾಗಿ ಜೋಡಿಸಿ, ಅದರ ಮೇಲೆ ಹಳಿಯನ್ನು ನಯವಾಗಿ ಏರಿಸಿದೆ. ಹಳೇ ಪತ್ರಿಕೆ, ಹಿಟ್ಟಿನ ಗಂಜಿ ಸೇರಿ ಪಕ್ಕದಲ್ಲೇ ಬೆಟ್ಟ ಎದ್ದು ನಿಂತಿತು. ಬುಧವಾರದ ಪರೀಕ್ಷೆಯಲ್ಲಿ ಇಂಜಿನ್ನು ಡಬ್ಬಿಗಳನ್ನೆಲ್ಲ ಎಳೆದುಕೊಂಡು ತುದಿ ಮುಟ್ಟಿತು! ಒಬ್ಬನೇ ಕುಣಿದೆ.

ಉಳಿದದ್ದು ಹಳಿಗಳ ನಡುವಿನ ಜಲ್ಲಿ. ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರುತ್ತಾರೆ. ಕಲ್ಲಿಗೆ ದುಡ್ಡು ಕೊಡುವುದೇ? ನಮ್ಮ ಶ್ವಾಬಿಯ ಪ್ರಾಂತ್ಯದವರ ಕೈ ಬಿಗಿ ಎಂದು ಜರ್ಮನಿಯೆಲ್ಲ ಆಡಿಕೊಳ್ಳುತ್ತದೆ. ಆ ಕೀರ್ತಿಗೆ ನಾನು ಕುಂದು ತರಲೇ? ಅಡುಗೆಮನೆಯ ಡಬ್ಬದ ತುಂಬ ಚನ್ನಂಗಿ ಕಾಳಿತ್ತು. ಕಂದು, ಬೂದು, ಸಣ್ಣ ಸಣ್ಣದು, ಥೇಟ್ ಜಲ್ಲಿ! ಅದೂ ಆ ಏರು ಇರುವ ನಮ್ಮ ಆಲ್ಬ್ ಬೆಟ್ಟದಲ್ಲೇ ಬೆಳೆದದ್ದು. ಬೆಟ್ಟದ್ದು ಬೆಟ್ಟಕ್ಕೇ ಸೇರಲಿ ಎಂದು ಹಳಿಯುದ್ದಕ್ಕೂ ಸುರಿದೆ. ಅಂಟಿಕೊಳ್ಳಲೆಂದು ನೀರುಗಂಜಿ ಚಿಮುಕಿಸಿದೆ. ಬೇಗ ಒಣಗಿ ಬಿರುಕು ಬಿಡದಿರಲೆಂದು ಒದ್ದೆ ಬಟ್ಟೆ ಹೊದಿಸಿ, ಹೀಟರ್ ಹಾಕಿ, ಬಾಗಿಲಿಗೆ ಬೀಗ ಜಡಿದೆ. ಅಡುಗೆ ಬಲ್ಲವರು ಈಗಾಗಲೇ ನಗುತ್ತಿರಬಹುದು. ನಾನು ಬಲ್ಲವನಲ್ಲ.

ಶನಿವಾರ ಅಡುಗೆಮನೆಯಿಂದ ಕೂಗು ಬಂತು.

"ರೀ, ಡಬ್ಬದಲ್ಲಿದ್ದ ಚನ್ನಂಗಿ ಎಲ್ಲಿ?"

"ಬೆಟ್ಟಕ್ಕೆ ಹೋಗಿದೆ."

"ಯಾರ ಜೊತೆ?"

"ರೈಲಿನ ಜೊತೆ!"

"ಹಾಗಾದ್ರೆ ಇವತ್ತು ಬರೀ ಶ್ಪೆಟ್ಸ್ಲೆ ತಿನ್ನಿ!"

ಚನ್ನಂಗಿ ಸಾರಿಲ್ಲದೆ ಆ ಹಿಟ್ಟಿನ ಎಳೆಗಳನ್ನು ಒಣ ಒಣ ನುಂಗಿದೆ. ಕಲಾವಿದರ ಬದುಕೇ ಇಷ್ಟು.

ಭಾನುವಾರ ಅತ್ತೆ ಕೇಕಿನ ತಟ್ಟೆ ಸಮೇತ ಅಟ್ಟಕ್ಕೆ ಬಂದರು. ನಾನು ಗಂಟಲು ಸರಿಮಾಡಿಕೊಂಡು ಬಟ್ಟೆ ಸರ್ರನೆ ಎಳೆದೆ.

ಅಯ್ಯಯ್ಯೋ! ಏರಿನುದ್ದಕ್ಕೂ ಹಸಿರು! ಕಾಳುಕಾಳೂ ಮೊಳೆತು, ಬೇರುಬಿಟ್ಟು, ಎಲೆ ತೆರೆದು ನಿಂತಿತ್ತು. ಕೆಳಗಿನಿಂದ ಬೇರು ಒತ್ತಿ ಹಳಿ ಅಲ್ಲಲ್ಲಿ ಮೇಲೆದ್ದು ಸೊಟ್ಟಗಾಗಿತ್ತು.

"ಎಷ್ಟು ಚೆನ್ನಾಗಿದೆ ಅಳಿಯಂದ್ರೇ! ಹುಲ್ಲು ನಿಜವಾದ್ದರ ಹಾಗೇ ಇದೆ!" ಎಂದರು ಅತ್ತೆ.

"ನಿಜವಾದ್ದೇ ಅಮ್ಮ. ನನ್ನ ನಿನ್ನೆಯ ಸಾರು ಅದು," ಎಂದಳು ಗುಡ್ರುನ್.

ಮಾನ ಬಿಡಲಾದೀತೇ? ಗುಂಡಿ ಒತ್ತಿದೆ. ಇಂಜಿನ್ನು ಗುರ್ರೆಂದು ಹೊರಟು, ಮೊದಲ ತಿರುವಿನಲ್ಲೇ ಸೊಪ್ಪಿನ ಕಾಡು ಹೊಕ್ಕು, ಹಳಿ ತಪ್ಪಿ ಅಂಗಾತ ಮಲಗಿತು. ನನಗೆ ಅಳುವೇ ಬಂತು.

"ಹೊಲಿಗೆ ಮಿಷನ್ನು ಕೆಳಗಿದೆ," ಎಂದಳು ಗುಡ್ರುನ್, ಬಹಳ ಮೆತ್ತಗೆ.

ಅಜ್ಜಿಯ ಕಾಲದ ಕಬ್ಬಿಣದ ಮಿಷನ್ನು! ಎದೆಗವಚಿಕೊಂಡು, ಬುಸುಬುಸು ಉಸಿರುಬಿಡುತ್ತ, ಮೆಟ್ಟಿಲು ಮೆಟ್ಟಿಲಿಗೂ ನಿಂತು ನಿಂತು ಹತ್ತತೊಡಗಿದೆ. ಮೇಲಿನಿಂದ ಬಗ್ಗಿ ನೋಡಿದ ಅತ್ತೆ ಚಪ್ಪಾಳೆ ತಟ್ಟಿದರು.

"ಅಳಿಯಂದ್ರು ಮಾತು ಉಳಿಸ್ಕೊಂಡ್ರು ನೋಡೇ ಗುಡ್ರುನ್! ಕಾಫಿ ಹೊತ್ತಿಗೆ ಸರಿಯಾಗಿ ಇಂಜಿನ್ನು ಏರು ಹತ್ತಿ ಬರ್ತಾ ಇದೆ!"